ಮುಖಕವಚ ತೊಟ್ಟು ಮೈದಾನಕ್ಕೆ ಮರಳುವ ಮುನ್ನ

ಪಂಚ ಜ್ಞಾನೇಂದ್ರಿಯಗಳಲ್ಲಿ ಕಣ್ಣು, ಕಿವಿ, ಮೂಗು, ನಾಲಿಗೆ ಎಂಬ ನಾಲ್ಕೂ ಶಿರಸ್ಸಿನಲ್ಲಿಯೇ ನೆಲೆಸಿವೆ. ಐದನೆಯದಾದ ಚರ್ಮವೂ ಮುಖದಲ್ಲಿ ಬಹಳ ಸೂಕ್ಷ್ಮವಾಗಿದೆ. ಉಸಿರಾಟ, ಆಹಾರಸೇವನೆ, ಮಾತು ಇವೆಲ್ಲಕ್ಕೂ ಮುಖವೇ ದ್ವಾರ. ಇಷ್ಟು ಮಹತ್ತ್ವದ ಅಂಗಗಳನ್ನು ಕಾಯುವ ಮೂಳೆಗಳು ಮಾತ್ರ ತೊಡೆಯ ಮೂಳೆಯಂತೆ ದಪ್ಪನಾಗಿಲ್ಲ. ಕಣ್ಣಿನ ಗೂಡಿನ ಒಳಗೋಡೆಯು ಎಷ್ಟು ತೆಳುವಾಗಿದೆಯೆಂದರೆ, ಆಧುನಿಕ ಶರೀರರಚನಾಶಾಸ್ತ್ರದಲ್ಲಿ ಅದಕ್ಕೆ ಇಟ್ಟಿರುವ ಲ್ಯಾಟಿನ್ ಹೆಸರಿನ ಅರ್ಥವೇ ‘ಕಾಗದದಂತಹ ಹಲಗೆ’ ಎಂದು.

ಆಟದ ಮೈದಾನದಲ್ಲಿ ಇಂತಹ ಮುಖಕ್ಕೆ ಪೆಟ್ಟು ಬೀಳುವುದು ಅಪರೂಪವೇನಲ್ಲ. ಫುಟ್‌ಬಾಲಿನಲ್ಲಿ ಎದುರಾಳಿಯ ತಲೆ ಅಥವಾ ಭುಜ, ಕಬಡ್ಡಿ ಮತ್ತು ಬ್ಯಾಸ್ಕೆಟ್‌ಬಾಲಿನಲ್ಲಿ ಮೊಣಕೈ, ಹಾಕಿಯಲ್ಲಿ ಕೋಲು, ಕ್ರಿಕೆಟ್ಟಿನಲ್ಲಿ ಚೆಂಡು ಮುಖಕ್ಕೆ ಬಡಿಯುತ್ತದೆ. ಗಾಯಗೊಂಡ ಆಟಗಾರರು ಕೆಲವೇ ದಿನಗಳಲ್ಲಿ ಮುಖಕ್ಕೆ ಗಟ್ಟಿಯಾದ ಕವಚವೊಂದನ್ನು ಕಟ್ಟಿಕೊಂಡು ಆಡುವುದನ್ನು ದೂರದರ್ಶನದಲ್ಲಿ ನಾವು ನೋಡುತ್ತಿದ್ದೇವೆ. 2024ರ ಜೂನ್ 17ರಂದು ಜರ್ಮನಿಯ ಡ್ಯೂಸೆಲ್‌ಡಾರ್ಫ್ ನಗರದಲ್ಲಿ ಆಸ್ಟ್ರಿಯಾ ತಂಡದ ವಿರುದ್ಧ ಆಡುತ್ತಿದ್ದಾಗ ಫ್ರಾನ್ಸಿನ ಕಿಲಿಯನ್ ಎಂಬಾಪೆ ಅವರ ಮೂಗಿನ ಮೂಳೆ ಮುರಿಯಿತು. ಅವರು ಮುಂದಿನ ಪಂದ್ಯದಲ್ಲಿ ಆಡಲಿಲ್ಲ. ಜೂನ್ 25ರಂದು ಪೋಲೆಂಡ್ ವಿರುದ್ಧ ಮುಖಕವಚ ಧರಿಸಿ ಕಣಕ್ಕಿಳಿದು ಗೋಲನ್ನೂ ಗಳಿಸಿದರು. ಜಗತ್ತೇ ನೋಡಿದ ಈ ದೃಶ್ಯವು ಅನೇಕ ಬಾಲಕರ ಮನಸ್ಸಿನಲ್ಲಿ ಉಳಿದಿದೆ.

ಇದರ ಪರಿಣಾಮವಾಗಿ ಆಟವಾಡುವ ಮಕ್ಕಳ ತಂದೆತಾಯಿಯರಿಂದ ಒಂದು ಪ್ರಶ್ನೆ ಬರುತ್ತದೆ: “ಡಾಕ್ಟರೇ, ಮೂಗಿಗೆ ಪೆಟ್ಟಾಗಿದೆ, ಮುಂದಿನ ವಾರ ಪಂದ್ಯವಿದೆ. ಮಾಸ್ಕ್ ಹಾಕಿಸಿ ಆಡಿಸಬಹುದೇ?” ಈ ಲೇಖನವು ಆ ಪ್ರಶ್ನೆಗೆ ಉತ್ತರ. ಸಾರವನ್ನು ಮೊದಲೇ ಹೇಳುವುದಾದರೆ, ಮುಖಕವಚವು ಮೂಳೆಯನ್ನು ಕೂಡಿಸುವುದಿಲ್ಲ. ಕೂಡಿಕೊಳ್ಳುತ್ತಿರುವ ಮೂಳೆಯ ಮೇಲೆ ಎರಡನೆಯ ಪೆಟ್ಟು ಬೀಳದಂತೆ ಅದು ತಡೆಯುತ್ತದೆ, ಅಷ್ಟೆ. ಮೂಳೆ ಕೂಡಲು ಬೇಕಾದ ಕಾಲವನ್ನು ಯಾವ ಕವಚವೂ ಕಡಿಮೆ ಮಾಡಲಾರದು.

ಮುಖದ ಮೂಳೆಗಳ ಸ್ವಭಾವ

ಸುಶ್ರುತಾಚಾರ್ಯರು ಮೂಳೆಗಳನ್ನು ಕಪಾಲ, ರುಚಕ, ತರುಣ, ವಲಯ, ನಲಕ ಎಂದು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಇವುಗಳಲ್ಲಿ ಮೂರು ಬಗೆ ಮುಖದಲ್ಲಿಯೇ ಕಾಣಸಿಗುತ್ತವೆ. ಕೆನ್ನೆ, ಕಪೋಲದ ಪಕ್ಕದ ಕಣತಲೆ ಮತ್ತು ಅಂಗುಳಿನ ಮೂಳೆಗಳು ಕಪಾಲಗಳು. ಹಲ್ಲುಗಳು ರುಚಕಗಳು. ಮೂಗು, ಕಿವಿ ಮತ್ತು ಅಕ್ಷಿಕೋಶದಲ್ಲಿರುವ ಮೃದುವಾದವು ತರುಣಾಸ್ಥಿಗಳು. ಪೆಟ್ಟು ಬಿದ್ದಾಗ ತರುಣಾಸ್ಥಿಯು ಬಾಗುತ್ತದೆ, ಕಪಾಲಾಸ್ಥಿಯು ಬಿರುಕು ಬಿಡುತ್ತದೆ, ಹಲ್ಲು ಒಡೆಯುತ್ತದೆ ಎಂದು ಅವರು ಒಂದೊಂದರ ಸ್ವಭಾವವನ್ನು ಬೇರೆ ಬೇರೆಯಾಗಿ ಗುರುತಿಸಿದ್ದಾರೆ. ಇಂದಿನ ಸಿ.ಟಿ. ಸ್ಕ್ಯಾನ್ ಚಿತ್ರಗಳನ್ನು ನೋಡಿದವರಿಗೆ ಈ ವಿಂಗಡಣೆಯ ಹಿಂದಿರುವ ಸೂಕ್ಷ್ಮ ಅವಲೋಕನವು ಅರ್ಥವಾಗುತ್ತದೆ.

ಮುಖದ ಮೂಳೆಗಳ ಪೈಕಿ ಅತಿ ಹೆಚ್ಚಾಗಿ ಮುರಿಯುವುದು ಮೂಗಿನ ಮೂಳೆ. ಅದು ಮುಂದಕ್ಕೆ ಚಾಚಿಕೊಂಡಿರುವುದು ಮತ್ತು ತೆಳುವಾಗಿರುವುದು ಇದಕ್ಕೆ ಕಾರಣ. ಕೆನ್ನೆಯ ಮೂಳೆ, ಕೆಳದವಡೆ ಮತ್ತು ಕಣ್ಣಿನ ಗೂಡಿನ ಮೂಳೆಗಳೂ ಆಟದ ಪೆಟ್ಟಿಗೆ ತುತ್ತಾಗುತ್ತವೆ. ಕಣ್ಣುಗುಡ್ಡೆಗೆ ಚೆಂಡು ಬಲವಾಗಿ ಬಡಿದಾಗ ಗೂಡಿನ ಒತ್ತಡ ಹೆಚ್ಚಿ ಅದರ ತೆಳುವಾದ ತಳವು ಕೆಳಕ್ಕೆ ಒಡೆಯಬಹುದು. ಆಗ ಕಣ್ಣನ್ನು ತಿರುಗಿಸುವ ಸ್ನಾಯು ಆ ಬಿರುಕಿನಲ್ಲಿ ಸಿಕ್ಕಿಕೊಂಡು ಒಂದು ವಸ್ತುವು ಎರಡಾಗಿ ಕಾಣುತ್ತದೆ.

ಆಯುರ್ವೇದದ ಮರ್ಮವಿಚಾರವೂ ಇಲ್ಲಿ ಸ್ಮರಣೀಯ. ಕಣ್ಣಿನ ಹೊರತುದಿಯಲ್ಲಿರುವ ಅಪಾಂಗ ಮತ್ತು ಹುಬ್ಬಿನ ಮೇಲ್ಭಾಗದ ಆವರ್ತ ಮರ್ಮಗಳಿಗೆ ಪೆಟ್ಟಾದರೆ ದೃಷ್ಟಿಗೆ ಹಾನಿ, ಮೂಗಿನ ಇಕ್ಕೆಲದ ಫಣ ಮರ್ಮಕ್ಕೆ ಪೆಟ್ಟಾದರೆ ಘ್ರಾಣಶಕ್ತಿಗೆ ಹಾನಿ ಎಂದು ಶಾಸ್ತ್ರವು ಎಚ್ಚರಿಸುತ್ತದೆ. ಕಣತಲೆಯ ಶಂಖ ಮರ್ಮವಂತೂ ಸದ್ಯಃಪ್ರಾಣಹರ ವರ್ಗಕ್ಕೆ ಸೇರಿದೆ. ಆದ್ದರಿಂದ ಮುಖದ ಪೆಟ್ಟನ್ನು ‘ಬರಿಯ ಊತ’ ಎಂದು ಕಡೆಗಣಿಸಬಾರದು.

ಕಡೆಗಣಿಸಲಾಗದ ಇನ್ನೊಂದು ನಿದರ್ಶನವೂ ಇದೆ. ಇಂಗ್ಲೆಂಡಿನ ವಿಕೆಟ್ ಕೀಪರ್ ಕ್ರೇಗ್ ಕೀಸ್‌ವೆಟರ್ ಅವರು 2010ರ ಟಿ-20 ವಿಶ್ವಕಪ್ ಫೈನಲ್‌ನಲ್ಲಿ ಪಂದ್ಯಶ್ರೇಷ್ಠರಾಗಿದ್ದವರು. 2014ರಲ್ಲಿ ಬ್ಯಾಟಿಂಗ್ ಮಾಡುತ್ತಿದ್ದಾಗ ಚೆಂಡು ಹೆಲ್ಮೆಟ್ಟಿನ ಸಂದಿನಿಂದ ತೂರಿ ಮುಖಕ್ಕೆ ಬಡಿದು, ಮೂಗು ಮತ್ತು ಕಣ್ಣಿನ ಗೂಡಿನ ಮೂಳೆ ಮುರಿದವು. ಮೂಳೆಗಳು ಕೂಡಿದ ಮೇಲೆ ಅವರು ಮತ್ತೆ ಆಡಿದರು, ಆದರೆ ದೃಷ್ಟಿ ಮೊದಲಿನಂತಾಗಲಿಲ್ಲ. 2015ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಆಟಕ್ಕೆ ವಿದಾಯ ಹೇಳಿದರು.

ಪೆಟ್ಟು ಬಿದ್ದ ಕೂಡಲೇ ಮಾಡತಕ್ಕದ್ದು

ಕವಚದ ಮಾತು ಅನಂತರದ್ದು. ಮೊದಲ ಗಂಟೆಗಳಲ್ಲಿ ಗಮನಿಸಬೇಕಾದ ಅಂಶಗಳು ಹೀಗಿವೆ.

1. ಆಟಗಾರನನ್ನು ತಕ್ಷಣ ಮೈದಾನದಿಂದ ಹೊರಗೆ ಕರೆತರಬೇಕು. ಎಚ್ಚರ ತಪ್ಪಿತ್ತೇ, ವಾಂತಿಯಾಯಿತೇ, ಸ್ಕೋರು ಮತ್ತು ಸ್ಥಳ ನೆನಪಿದೆಯೇ ಎಂದು ವಿಚಾರಿಸಬೇಕು. ಮುಖಕ್ಕೆ ಬಿದ್ದ ಪೆಟ್ಟು ಮೆದುಳನ್ನೂ ಅಲುಗಿಸಿರಬಹುದು. ಸಂದೇಹವಿದ್ದರೆ ಆ ದಿನ ಮತ್ತೆ ಆಡಿಸಬಾರದು.

2. ಮೂಗಿನಿಂದ ರಕ್ತ ಸುರಿಯುತ್ತಿದ್ದರೆ ಕುಳ್ಳಿರಿಸಿ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಬಾಯಿಯಿಂದ ಉಸಿರಾಡಲು ಹೇಳಬೇಕು. ತಲೆಯನ್ನು ಹಿಂದಕ್ಕೆ ಎತ್ತಿದರೆ ರಕ್ತವು ಗಂಟಲಿಗೆ ಇಳಿಯುತ್ತದೆ.

3. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷಗಳ ಕಾಲ ಹಗುರವಾಗಿ ಇಡಬಹುದು. ಕಣ್ಣುಗುಡ್ಡೆಯ ಮೇಲೆ ಒತ್ತಬಾರದು.

4. ಮೂಗನ್ನು ಸೀನಬಾರದು. ಕೆನ್ನೆ ಅಥವಾ ಕಣ್ಣಿನ ಗೂಡು ಮುರಿದಿದ್ದರೆ ಸೀನಿದ ರಭಸಕ್ಕೆ ಗಾಳಿಯು ಚರ್ಮದಡಿಗೆ ನುಗ್ಗಿ ಕಣ್ಣು ಒಮ್ಮೆಲೇ ಊದಿಕೊಳ್ಳುತ್ತದೆ.

5. ಇಡೀ ಹಲ್ಲು ಉದುರಿದ್ದರೆ ಬೇರನ್ನು ಮುಟ್ಟದೆ, ಮೇಲ್ಭಾಗವನ್ನು ಹಿಡಿದು, ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ದಂತವೈದ್ಯರಲ್ಲಿಗೆ ಒಯ್ಯಬೇಕು. ಬೇಗ ತಲುಪಿದಷ್ಟೂ ಹಲ್ಲು ಉಳಿಯುವ ಸಂಭವ ಹೆಚ್ಚು.

ಕೆಳಗಿನ ಲಕ್ಷಣಗಳಲ್ಲಿ ಒಂದೇ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು: ಒಂದು ವಸ್ತು ಎರಡಾಗಿ ಕಾಣುವುದು ಅಥವಾ ದೃಷ್ಟಿ ಮಂಜಾಗುವುದು; ಮೂಗಿನಿಂದ ತಿಳಿನೀರಿನಂತಹ ದ್ರವ ತೊಟ್ಟಿಕ್ಕುವುದು; ಹಲ್ಲುಗಳು ಮೊದಲಿನಂತೆ ಒಂದಕ್ಕೊಂದು ಕೂಡದಿರುವುದು; ಬಾಯಿ ತೆರೆಯಲಾಗದಿರುವುದು; ಕೆನ್ನೆ ಅಥವಾ ಮೇಲ್ತುಟಿ ಮರಗಟ್ಟುವುದು; ಎರಡೂ ಮೂಗಿನ ಹೊಳ್ಳೆ ಒಳಗಿನಿಂದ ಕಟ್ಟಿಕೊಳ್ಳುವುದು. ಕೊನೆಯದನ್ನು ಜನರು ಸಾಮಾನ್ಯವಾಗಿ ಊತವೆಂದು ಸುಮ್ಮನಿರುತ್ತಾರೆ. ಮೂಗಿನ ನಡುಗೋಡೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಎರಡು ಮೂರು ದಿನಗಳಲ್ಲಿಯೇ ಅಲ್ಲಿನ ಮೃದ್ವಸ್ಥಿಯು ಸತ್ತು, ಮೂಗು ನಡುವೆ ಕುಸಿದುಬಿಡುತ್ತದೆ. ಕಿವಿ-ಮೂಗು-ಗಂಟಲು ತಜ್ಞರು ಆ ರಕ್ತವನ್ನು ಕಾಲಕ್ಕೆ ಸರಿಯಾಗಿ ಹೊರತೆಗೆದರೆ ಈ ವಿಕಾರವನ್ನು ತಪ್ಪಿಸಬಹುದು.

ಮಕ್ಕಳ ವಿಷಯದಲ್ಲಿ ಮತ್ತೊಂದು ಎಚ್ಚರಿಕೆ. ಅವರ ಮೂಳೆಗಳು ಹಸಿಕೊಂಬೆಯಂತೆ ಬಾಗಿ ಮತ್ತೆ ಮುಚ್ಚಿಕೊಳ್ಳುತ್ತವೆ. ಕಣ್ಣಿನ ಗೂಡಿನ ತಳದಲ್ಲಿ ಹೀಗಾದಾಗ ಸ್ನಾಯುವು ಬಾಗಿಲ ಸಂದಿನಲ್ಲಿ ಬೆರಳು ಸಿಕ್ಕಂತೆ ಸಿಕ್ಕಿಹಾಕಿಕೊಳ್ಳುತ್ತದೆ. ಹೊರಗೆ ಕಣ್ಣು ಬೆಳ್ಳಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಮಗುವಿಗೆ ಮೇಲಕ್ಕೆ ನೋಡಲಾಗುವುದಿಲ್ಲ, ವಾಕರಿಕೆ ಬರುತ್ತದೆ. ಇದು ತುರ್ತು ಶಸ್ತ್ರಚಿಕಿತ್ಸೆಯನ್ನು ಬಯಸುವ ಸ್ಥಿತಿ.

ಕವಚವು ಹೇಗೆ ಕಾಪಾಡುತ್ತದೆ?

ಮನೆ ಕಟ್ಟುವವರು ಬಾಗಿಲಿನ ಮೇಲೆ ಲಿಂಟಲ್ ಇಡುತ್ತಾರೆ. ಮೇಲಿನ ಗೋಡೆಯ ಭಾರವು ಬಾಗಿಲಿನ ಚೌಕಟ್ಟಿನ ಮೇಲೆ ಬೀಳದೆ ಅಕ್ಕಪಕ್ಕದ ಗೋಡೆಗಳಿಗೆ ಇಳಿಯುತ್ತದೆ. ಮುಖಕವಚದ ತತ್ತ್ವವೂ ಇದೇ. ಅದು ಹಣೆ ಮತ್ತು ಮುರಿಯದಿರುವ ಕೆನ್ನೆಯ ಮೂಳೆಗಳ ಮೇಲೆ ಮೆತ್ತೆಯ ಮೂಲಕ ಕುಳಿತುಕೊಳ್ಳುತ್ತದೆ. ಮುರಿದ ಜಾಗದ ಮೇಲೆ ಮಾತ್ರ ಅದು ತಾಗುವುದೇ ಇಲ್ಲ. ಅಲ್ಲಿ ಕವಚಕ್ಕೂ ಚರ್ಮಕ್ಕೂ ನಡುವೆ ತೆರವು ಬಿಟ್ಟಿರುತ್ತಾರೆ. ಹೊರಗಿನಿಂದ ಪೆಟ್ಟು ಬಿದ್ದಾಗ ಆ ಬಲವು ಸುತ್ತಲಿನ ಗಟ್ಟಿ ಮೂಳೆಗಳಿಗೆ ಹಂಚಿಹೋಗುತ್ತದೆ. ಈ ತೆರವು ಇಲ್ಲದ ಕವಚವು ಪೆಟ್ಟನ್ನು ನೇರವಾಗಿ ಮುರಿದ ಮೂಳೆಗೇ ದಾಟಿಸುತ್ತದೆ. ಆದುದರಿಂದ ಗೆಳೆಯನ ಕವಚವನ್ನು ಎರವಲು ಪಡೆದು ತೊಡುವುದು, ತೊಡದಿರುವುದಕ್ಕಿಂತ ಅಪಾಯಕರವಾಗಬಹುದು.

ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ ತಡೆಯುವ ಆಟಗಾರರು ತೊಡುವ ಮುಖಕವಚವು ಬೇರೆ ಬಗೆಯದು. ಅದು ಗಾಯವಾಗದಂತೆ ಮುನ್ನೆಚ್ಚರಿಕೆಯಾಗಿ ಆರೋಗ್ಯವಂತರು ತೊಡುವಂತಹುದು. ಎಲ್ಲರಿಗೂ ಹೊಂದುವ ಅಳತೆಯಲ್ಲಿ ಬರುತ್ತದೆ. ಗಾಯದಿಂದ ಚೇತರಿಸಿಕೊಳ್ಳುತ್ತಿರುವವರ ಕವಚವನ್ನು ಅವರವರ ಮುಖದ ಅಚ್ಚಿಗೆ ತಕ್ಕಂತೆ ಮಾಡಬೇಕು.

ಅದನ್ನು ಮಾಡುವ ವಿಧಾನಗಳು ಎರಡು. ಹಳೆಯ ವಿಧಾನದಲ್ಲಿ ಹಲ್ಲಿನ ಅಚ್ಚು ತೆಗೆಯಲು ಬಳಸುವ ಆಲ್ಜಿನೇಟ್ ಎಂಬ ಲೇಪದಿಂದ ಮುಖದ ಅಚ್ಚನ್ನು ತೆಗೆಯುತ್ತಾರೆ. ಆ ಅಚ್ಚಿನಲ್ಲಿ ಪ್ಲಾಸ್ಟರ್ ಹುಯ್ದರೆ ಮುಖದ ಪ್ರತಿಕೃತಿ ದೊರೆಯುತ್ತದೆ. ಪ್ರತಿಕೃತಿಯಲ್ಲಿ ಮುರಿದ ಭಾಗದ ಮೇಲೆ ಇನ್ನಷ್ಟು ಪ್ಲಾಸ್ಟರ್ ಮೆತ್ತಿ ಎತ್ತರಿಸುತ್ತಾರೆ. ಅನಂತರ ಕಾಯಿಸಿ ಮೆತ್ತಗಾದ ಪಾಲಿಕಾರ್ಬೊನೇಟ್ ಹಾಳೆಯನ್ನು ಅದರ ಮೇಲೆ ಹೊದಿಸಿದಾಗ ಮುಖದ ಆಕಾರದ ಕವಚವು ಸಿದ್ಧವಾಗಿ, ಎತ್ತರಿಸಿದ ಜಾಗದಲ್ಲಿ ತಾನೇ ತೆರವು ಉಳಿಯುತ್ತದೆ. ಕಣ್ಣು, ಮೂಗಿನ ಹೊಳ್ಳೆ ಮತ್ತು ಬಾಯಿಯ ಭಾಗಗಳನ್ನು ಕತ್ತರಿಸಿ, ಅಂಚನ್ನು ನಯಗೊಳಿಸಿ, ಒಳಗೆ ಮೆತ್ತೆ ಅಂಟಿಸಿ, ಎಲಾಸ್ಟಿಕ್ ಪಟ್ಟಿ ಜೋಡಿಸುತ್ತಾರೆ. ಹೊಸ ವಿಧಾನದಲ್ಲಿ ಮುಖವನ್ನು ಮುಟ್ಟದೆಯೇ ಸ್ಕ್ಯಾನರಿನಿಂದ ಅಳತೆ ತೆಗೆದು, ಕಂಪ್ಯೂಟರಿನಲ್ಲಿ ವಿನ್ಯಾಸಗೊಳಿಸಿ, ತ್ರೀ-ಡಿ ಮುದ್ರಣದಿಂದ ಅಚ್ಚನ್ನೋ ಕವಚವನ್ನೋ ತಯಾರಿಸುತ್ತಾರೆ. ಊದಿಕೊಂಡು ನೋಯುತ್ತಿರುವ ಮುಖಕ್ಕೆ ಇದು ಹಿತ. ಹೆಸರಾಂತ ಆಟಗಾರರ ಕಪ್ಪು ಕವಚಗಳು ಹೆಚ್ಚಾಗಿ ಕಾರ್ಬನ್ ಫೈಬರಿನವು. ಅದು ತೆಳುವಾಗಿದ್ದರೂ ಬಹಳ ಗಟ್ಟಿ.

ಇಂತಹ ಕವಚಕ್ಕಾಗಿ ಎಲ್ಲಿಗೆ ಹೋಗಬೇಕು? ಮೊದಲು ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸಕರನ್ನು ಅಥವಾ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು. ಮುಖದ ಅಚ್ಚು ತೆಗೆದು ಕೃತಕ ಅಂಗಗಳನ್ನು ರೂಪಿಸುವ ವಿದ್ಯೆಯು ದಂತವೈದ್ಯಕೀಯದ ಪ್ರಾಸ್ಥೊಡಾಂಟಿಕ್ಸ್ ಎಂಬ ಶಾಖೆಗೆ ಸೇರಿದೆ. ನಮ್ಮ ರಾಜ್ಯದ ದಂತವೈದ್ಯಕೀಯ ಕಾಲೇಜುಗಳಲ್ಲಿ ಈ ವಿಭಾಗವಿರುತ್ತದೆ. ಶಸ್ತ್ರಚಿಕಿತ್ಸಕರ ಚೀಟಿಯೊಡನೆ ಅಲ್ಲಿ ವಿಚಾರಿಸಬಹುದು.

ಎಷ್ಟು ಕಾಲ ಕಾಯಬೇಕು?

ಮೂಳೆ ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಅನಂತರ ಮೃದುವಾದ ಬೆಸುಗೆ, ಅದರ ಮೇಲೆ ಗಟ್ಟಿ ಬೆಸುಗೆ ಮೂಡುತ್ತದೆ. ಕಡೆಗೆ ತಿಂಗಳುಗಟ್ಟಲೆ ಮೂಳೆಯು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ನೋವು ಮತ್ತು ಊತ ಎರಡು ವಾರಗಳಲ್ಲಿ ಇಳಿದುಬಿಡುತ್ತವೆ. ಆ ಹೊತ್ತಿಗೆ ಬೆಸುಗೆಯು ಇನ್ನೂ ಮೃದುವಾಗಿಯೇ ಇರುತ್ತದೆ. ಯುವಕರು ಎಡವುವುದು ಇಲ್ಲಿಯೇ. ನೋವಿಲ್ಲವೆಂದರೆ ಮೂಳೆ ಕೂಡಿದೆ ಎಂದು ಭಾವಿಸುತ್ತಾರೆ.

ಕೆನ್ನೆ, ದವಡೆ, ಕಣ್ಣಿನ ಗೂಡು ಮುರಿದವರಿಗೆ ಸಾಮಾನ್ಯವಾಗಿ ಹೇಳುವ ಕ್ರಮ ಹೀಗಿದೆ. ಮೊದಲ ಮೂರು ವಾರ ಆಟವಿಲ್ಲ, ಭಾರ ಎತ್ತುವುದಿಲ್ಲ. ಮೂರನೆಯ ವಾರದ ಬಳಿಕ ನಡಿಗೆ, ನಿಂತಲ್ಲಿ ಸೈಕಲ್ ತುಳಿತದಂತಹ ಲಘು ವ್ಯಾಯಾಮ. ತಿಂಗಳಾದ ಮೇಲೆ ಯಾರಿಗೂ ತಾಗದಂತೆ ಒಬ್ಬರೇ ಮಾಡುವ ಅಭ್ಯಾಸ. ಆರು ವಾರಗಳ ನಂತರ, ಪರೀಕ್ಷೆ ಮಾಡಿಸಿ, ಮೈಗೆ ಮೈ ತಾಗುವ ಆಟ. ಕುಸ್ತಿ ಮತ್ತು ಬಾಕ್ಸಿಂಗಿಗೆ ಮೂರು ತಿಂಗಳು. ಮೈದಾನಕ್ಕೆ ಮರಳಿದ ಮೇಲೂ ಶಸ್ತ್ರಚಿಕಿತ್ಸಕರು ಹೇಳುವವರೆಗೆ ಕವಚವನ್ನು ತೊಡಬೇಕು. ಇದು ಸ್ಥೂಲ ಲೆಕ್ಕ. ಮುರಿತದ ಬಗೆ, ಹಾಕಿದ ಪ್ಲೇಟು, ವಯಸ್ಸು ಇವುಗಳನ್ನು ನೋಡಿ ವೈದ್ಯರು ಹೆಚ್ಚುಕಡಿಮೆ ಮಾಡುತ್ತಾರೆ.

ಸುಶ್ರುತಸಂಹಿತೆಯ ಭಗ್ನಚಿಕಿತ್ಸಾ ಅಧ್ಯಾಯವು ಎಳೆಯ ವಯಸ್ಸಿನಲ್ಲಿ ಮುರಿತವು ಸ್ಥಿರವಾಗಲು ಒಂದು ತಿಂಗಳು, ನಡುವಯಸ್ಸಿನಲ್ಲಿ ಅದರ ಎರಡರಷ್ಟು, ಇಳಿವಯಸ್ಸಿನಲ್ಲಿ ಮೂರರಷ್ಟು ಕಾಲ ಬೇಕೆಂದು ಹೇಳುತ್ತದೆ. ಎರಡೂ ವೈದ್ಯಪದ್ಧತಿಗಳು ಒಂದು ವಿಷಯದಲ್ಲಿ ಒಮ್ಮತದಿಂದಿವೆ: ವಾರದ ಲೆಕ್ಕದಲ್ಲಿ ಯಾರ ಮೂಳೆಯೂ ಕೂಡುವುದಿಲ್ಲ.

ಹಾಗಾದರೆ ಎಂಬಾಪೆ ಅವರು ಎಂಟೇ ದಿನಗಳಲ್ಲಿ ಹೇಗೆ ಆಡಿದರು? ಮೂಗಿನ ಮೂಳೆಯು ದವಡೆಯಂತೆ ಅಗಿಯುವ ಭಾರವನ್ನಾಗಲಿ, ಕಣ್ಣಿನ ಗೂಡಿನಂತೆ ದೃಷ್ಟಿಯ ಹೊಣೆಯನ್ನಾಗಲಿ ಹೊತ್ತಿಲ್ಲ. ಆದ್ದರಿಂದ ಪೂರ್ಣ ಬೆಳೆದ ಆಟಗಾರನಿಗೆ, ತಜ್ಞರ ತಂಡದ ಕಣ್ಗಾವಲಿನಲ್ಲಿ, ಕವಚದೊಡನೆ ಬೇಗ ಅನುಮತಿ ಕೊಡುವುದುಂಟು. ಬೆಳೆಯುವ ಮಕ್ಕಳಿಗೆ ಈ ಲೆಕ್ಕ ಹೊಂದದು. ಮೂಗಿನ ನಡುಗೋಡೆಯ ಮೃದ್ವಸ್ಥಿಯು ಮುಖದ ಬೆಳವಣಿಗೆಗೆ ಆಧಾರವಾದುದರಿಂದ, ಅದಕ್ಕೆ ಮತ್ತೆ ಮತ್ತೆ ಪೆಟ್ಟಾದರೆ ಮೂಗು ಸೊಟ್ಟಗೆ ಬೆಳೆದು ಉಸಿರಾಟಕ್ಕೂ ತೊಡಕಾಗುತ್ತದೆ.

ಕೆನ್ನೆ ಮತ್ತು ಕಣ್ಣಿನ ಗೂಡಿನ ಮುರಿತಕ್ಕೆ ನೈಜೀರಿಯಾದ ವಿಕ್ಟರ್ ಒಸಿಮೆನ್ ಅವರ ಉದಾಹರಣೆಯು ಹೆಚ್ಚು ಬೋಧಪ್ರದ. 2021ರ ನವೆಂಬರ್ 21ರಂದು ಇಟಲಿಯ ಮಿಲಾನ್ ನಗರದಲ್ಲಿ ನಾಪೋಲಿ ತಂಡದ ಪರ ಆಡುವಾಗ ಎದುರಾಳಿಯ ತಲೆ ಬಡಿದು ಅವರ ಎಡಗೆನ್ನೆ ಮತ್ತು ಕಣ್ಣಿನ ಗೂಡಿನ ಮೂಳೆಗಳು ಹಲವೆಡೆ ಮುರಿದವು. ಶಸ್ತ್ರಚಿಕಿತ್ಸೆಯಾಯಿತು. ಅವರು ಪಂದ್ಯಕ್ಕೆ ಮರಳಿದ್ದು ಸುಮಾರು ಎರಡು ತಿಂಗಳ ಬಳಿಕ, 2022ರ ಜನವರಿಯಲ್ಲಿ, ಕವಚದೊಡನೆ. ಆಮೇಲೆಯೂ ಅವರು ಕವಚವನ್ನು ಬಿಡಲಿಲ್ಲ. 2022-23ರ ಋತುವಿನಲ್ಲಿ ಅದನ್ನು ತೊಟ್ಟೇ 26 ಗೋಲು ಗಳಿಸಿ ಇಟಲಿಯ ಲೀಗಿನಲ್ಲಿ ಅಗ್ರಸ್ಥಾನ ಪಡೆದರು. ನಾಪೋಲಿಯು 33 ವರ್ಷಗಳ ಅನಂತರ ಆ ಲೀಗನ್ನು ಗೆದ್ದಿತು. ಎರಡು ತಿಂಗಳು ಕಾದುದರಿಂದ ಅವರ ಆಟಕ್ಕೆ ನಷ್ಟವೇನೂ ಆಗಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ದಕ್ಷಿಣ ಕೊರಿಯಾದ ಸಾನ್ ಹ್ಯೂಂಗ್-ಮಿನ್ ಅವರು 2022ರ ನವೆಂಬರ್ 1ರಂದು ಕಣ್ಣಿನ ಬಳಿಯ ಮೂಳೆ ಮುರಿದುಕೊಂಡು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ನವೆಂಬರ್ 24ರಂದೇ ಕತಾರಿನ ವಿಶ್ವಕಪ್ಪಿನಲ್ಲಿ ಕಪ್ಪು ಕವಚದೊಡನೆ ಆಡಿದರು. ಅದು ವಯಸ್ಕನೊಬ್ಬನು ವೈದ್ಯರ ನೆರಳಿನಲ್ಲಿ, ತಿಳಿದೂ ತಿಳಿದೂ ಹೊತ್ತ ಅಪಾಯ. ಅಂತರಶಾಲಾ ಪಂದ್ಯಕ್ಕಾಗಿ ಹದಿನೈದರ ಬಾಲಕನ ಮೇಲೆ ಅಂತಹ ಅಪಾಯವನ್ನು ಹೊರಿಸುವ ಅಧಿಕಾರ ಯಾರಿಗೂ ಇಲ್ಲ.

ಕುಂಬ್ಳೆಯವರ ಪಟ್ಟಿ

ಈ ಮಾತು ಬಂದಾಗ ಕನ್ನಡಿಗರೆಲ್ಲರಿಗೂ ಬೆಂಗಳೂರಿನ ಅನಿಲ್ ಕುಂಬ್ಳೆಯವರು ನೆನಪಾಗುವುದು ಸಹಜ. 2002ರ ಮೇ ತಿಂಗಳಿನಲ್ಲಿ ಆ್ಯಂಟಿಗಾ ಟೆಸ್ಟಿನಲ್ಲಿ ಮರ್ವಿನ್ ಡಿಲನ್ ಅವರ ಚೆಂಡು ಬಡಿದು ಅವರ ದವಡೆ ಮುರಿಯಿತು. ಗಲ್ಲದಿಂದ ನೆತ್ತಿಯವರೆಗೆ ಪಟ್ಟಿ ಸುತ್ತಿಕೊಂಡು ಬಂದು ಅವರು 14 ಓವರ್ ಬೌಲ್ ಮಾಡಿ, ಬ್ರಯಾನ್ ಲಾರಾ ಅವರ ವಿಕೆಟ್ ಪಡೆದರು. ಅವರ ಧೈರ್ಯಕ್ಕೆ ನಮ್ಮೆಲ್ಲರ ಗೌರವವಿದೆ. ಆದರೆ ಆ ಪಟ್ಟಿಯ ಕೆಲಸವೇನೆಂದು ವೈದ್ಯನಾಗಿ ನಾನು ತಿಳಿಸಬೇಕು. ಅದು ಮುರಿದ ದವಡೆಯು ಅಲುಗದಂತೆ ಹಿಡಿದಿತ್ತು. ದವಡೆಯ ಕೀಲು ತಪ್ಪಿದಾಗ ಬೆವರಿಸಿ, ಸ್ವಸ್ಥಾನಕ್ಕೆ ಕೂಡಿಸಿ ಪಂಚಾಂಗೀ ಬಂಧವನ್ನು ಕಟ್ಟಬೇಕೆಂದು ಸುಶ್ರುತರು ಹೇಳಿರುವುದೂ ಇದೇ ಉದ್ದೇಶಕ್ಕೆ. ಅಂತಹ ಪಟ್ಟಿಯು ಎರಡನೆಯ ಪೆಟ್ಟನ್ನು ತಡೆಯಲಾರದು. ಕುಂಬ್ಳೆಯವರು ಆಗ ಬೌಲ್ ಮಾಡಿದರೇ ವಿನಾ ಯಾರೊಡನೆಯೂ ಮೈ ತಾಗಿಸುವ ಆಟವಾಡಲಿಲ್ಲ. ಅನಂತರ ಅವರು ಸರಣಿಯನ್ನು ಬಿಟ್ಟು ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಮರಳಿದರು. ಮಕ್ಕಳಿಗೆ ಈ ಕಥೆಯನ್ನು ಹೇಳುವಾಗ ಈ ಕೊನೆಯ ಭಾಗವನ್ನೂ ಸೇರಿಸಿ ಹೇಳುವುದು ಲೇಸು.

ಕವಚವು ಸರಿಯಾಗಿ ಕೂತಿದೆಯೇ?

ಮೂಳೆಮುರಿತಕ್ಕೆ ಕಟ್ಟುವ ಬಂಧವು ತೀರ ಸಡಿಲವಾದರೆ ಸ್ಥಿರತೆ ಬಾರದು, ತೀರ ಬಿಗಿಯಾದರೆ ಚರ್ಮದಲ್ಲಿ ಊತ, ನೋವು ಮತ್ತು ಪಾಕ ಉಂಟಾಗುತ್ತದೆ ಎಂಬುದು ಸುಶ್ರುತರ ಎಚ್ಚರಿಕೆ. ಮುಖಕವಚಕ್ಕೂ ಇದು ಅಕ್ಷರಶಃ ಅನ್ವಯಿಸುತ್ತದೆ. ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು ಇವು:

1. ಕವಚ ತೊಟ್ಟು ತಲೆಯನ್ನು ಜೋರಾಗಿ ಅತ್ತಿತ್ತ ಆಡಿಸಿ, ಹತ್ತು ಬಾರಿ ಜಿಗಿದಾಗ ಅದು ಜಾರಬಾರದು.

2. ಕವಚದ ಮೇಲೆ ಅಂಗೈಯಿಂದ ಮೆಲ್ಲಗೆ ಒತ್ತಿದಾಗ ಒತ್ತಡವು ಹಣೆ ಮತ್ತು ಗಟ್ಟಿ ಕೆನ್ನೆಯಲ್ಲಿ ತಿಳಿಯಬೇಕು. ಗಾಯದ ಜಾಗದಲ್ಲಿ ಏನೂ ತಾಗಬಾರದು.

3. ತಲೆ ತಗ್ಗಿಸದೆ ಕಾಲಬಳಿಯ ಚೆಂಡು, ಎರಡೂ ಪಕ್ಕಗಳಲ್ಲಿ ನಿಂತವರು ಕಾಣಬೇಕು. ಕೆಳಗಿನ ಮತ್ತು ಪಕ್ಕದ ನೋಟ ಕುಗ್ಗುವುದೇ ಇಂತಹ ಕವಚಗಳ ದೊಡ್ಡ ಕುಂದು. ನೋಟಕ್ಕೆ ಅಡ್ಡಿ, ಒಳಗೆ ನಿಲ್ಲುವ ಬೆವರು ಎಂದು ಎಂಬಾಪೆ ಅವರೂ ಬೇಸರಪಟ್ಟಿದ್ದರು. ಸ್ಪೇನ್ ವಿರುದ್ಧದ ಸೆಮಿಫೈನಲ್ ಪಂದ್ಯವನ್ನು ಅವರು ಕವಚವಿಲ್ಲದೆಯೇ ಆಡಿದರು.

4. ಅರ್ಧ ಗಂಟೆ ತೊಟ್ಟು ತೆಗೆದ ಮೇಲೆ ಚರ್ಮದಲ್ಲಿ ಮೂಡಿದ ಕೆಂಪು ಗುರುತು ಸ್ವಲ್ಪ ಹೊತ್ತಿನಲ್ಲಿ ಮಾಯಬೇಕು. ಮಾಯದಿದ್ದರೆ ಮೆತ್ತೆಯನ್ನು ಸರಿಪಡಿಸಬೇಕು.

ಊತ ಪೂರ್ತಿ ಇಳಿಯುವ ಮೊದಲು ಮಾಡಿಸಿದ ಕವಚವು ಇಳಿದ ಮೇಲೆ ಸಡಿಲವಾಗುತ್ತದೆ. ಆಗ ಮತ್ತೊಮ್ಮೆ ತೋರಿಸಬೇಕು. ಪ್ರತಿದಿನ ಆಟದ ಅನಂತರ ಸೌಮ್ಯ ಸಾಬೂನು ಮತ್ತು ತಣ್ಣೀರಿನಿಂದ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಬಿಸಿನೀರಿನಲ್ಲಿ ಅಥವಾ ಬಿಸಿಲಿಗೆ ಇಟ್ಟ ವಾಹನದಲ್ಲಿ ಬಿಟ್ಟರೆ ಕೆಲವು ಬಗೆಯ ಪ್ಲಾಸ್ಟಿಕ್ ಆಕಾರಗೆಡುತ್ತದೆ. ಬಿರುಕು ಕಂಡರೆ ಆ ಕವಚವನ್ನು ಬಳಸಬಾರದು.

ಕವಚದ ಮಿತಿಗಳು

ಮುಖಕವಚವು ಮೆದುಳನ್ನು ಕಾಯುವುದಿಲ್ಲ. ತಲೆಬುರುಡೆಯೊಳಗೆ ಮೆದುಳು ಅಲುಗುವುದನ್ನು ಹೊರಗಿನ ಹಲಗೆಯು ತಡೆಯಲಾರದು. ಕವಚವಿದೆಯೆಂಬ ಭರವಸೆಯಿಂದ ಮೊದಲಿಗಿಂತ ಹೆಚ್ಚು ನುಗ್ಗಿ ಆಡುವವರಿಗೆ ಹೊಸ ಗಾಯವಾಗುವ ಸಂಭವವೂ ಇದೆ. ಕುಸ್ತಿ, ಕಬಡ್ಡಿಯಂತಹ ಹಿಡಿದೆಳೆಯುವ ಆಟಗಳಲ್ಲಿ ಕವಚವು ಸರಿದು ಗಾಯದ ಮೇಲೆಯೇ ಕೂರಬಹುದು. ಗಟ್ಟಿ ಅಂಚು ಎದುರಾಳಿಗೂ ತಗುಲಬಹುದು. ಅಂತಹ ಆಟಗಳಿಗೆ ಕಾಲವೇ ನಿಜವಾದ ಕವಚ.

ನಿಯಮಗಳನ್ನೂ ಗಮನಿಸಬೇಕು. ಫುಟ್‌ಬಾಲಿನ ನಿಯಮಾವಳಿಯು ಯಾರಿಗೂ ಅಪಾಯ ತರದ, ಹಗುರವಾದ, ಮೆತ್ತೆಯುಳ್ಳ ಮುಖಕವಚಕ್ಕೆ ಅವಕಾಶ ಕೊಡುತ್ತದೆ; ಯುರೋಪಿನ ಪಂದ್ಯಾವಳಿಯಲ್ಲಿ ಅದು ಒಂದೇ ಬಣ್ಣದ್ದಾಗಿರಬೇಕಾದುದರಿಂದ ಎಂಬಾಪೆ ಅವರ ಮೂರು ಬಣ್ಣದ ಕವಚವು ಅಭ್ಯಾಸಕ್ಕಷ್ಟೇ ಸೀಮಿತವಾಯಿತು. ತಮ್ಮ ಆಟದ ನಿಯಮವೇನೆಂದು ಪಂದ್ಯದ ಮೊದಲೇ ನಿರ್ಣಾಯಕರಲ್ಲಿ ಕೇಳಿ ತಿಳಿಯಬೇಕು.

ಪಥ್ಯಾಪಥ್ಯ

ಮೂಳೆ ಕೂಡುವ ಕಾಲದಲ್ಲಿ ಬೃಂಹಣ ಆಹಾರವು ಹಿತ. ಹಾಲು, ತುಪ್ಪ, ಅಕ್ಕಿಯ ಅನ್ನ, ಬಟಾಣಿಯ ಕಟ್ಟು ಇವುಗಳನ್ನು ಸುಶ್ರುತರು ವಿಧಿಸಿದ್ದಾರೆ. ಇವುಗಳೊಡನೆ ನಮ್ಮ ರಾಗಿ ಅಂಬಲಿ, ಎಳ್ಳು, ಹೆಸರುಬೇಳೆ, ಮಜ್ಜಿಗೆಯ ಬದಲು ಸಿಹಿಮೊಸರು, ಸೊಪ್ಪು ಇವನ್ನು ಸೇರಿಸಿಕೊಳ್ಳಬಹುದು. ದವಡೆ ಕಟ್ಟಿದವರಿಗೆ ಎಲ್ಲವನ್ನೂ ತೆಳ್ಳಗೆ ಮಾಡಿ ಕುಡಿಸಬೇಕು. ಅತಿಯಾದ ಉಪ್ಪು, ಹುಳಿ, ಖಾರ, ಕ್ಷಾರ, ಒಣಗಿದ ಆಹಾರ, ಬಿಸಿಲು ಮತ್ತು ವ್ಯಾಯಾಮ ಇವು ವರ್ಜ್ಯವೆಂದು ಶಾಸ್ತ್ರ ಹೇಳುತ್ತದೆ. ತಂಬಾಕು ಮತ್ತು ಧೂಮಪಾನವು ಮೂಳೆ ಕೂಡುವುದನ್ನು ನಿಧಾನಗೊಳಿಸುತ್ತದೆ.

ಲಾಕ್ಷಾ, ಮಂಗರವಳ್ಳಿ, ಗುಗ್ಗುಳು ಸೇರಿದ ಔಷಧಗಳನ್ನು ಭಗ್ನಚಿಕಿತ್ಸೆಯಲ್ಲಿ ಕೊಡುವ ಸಂಪ್ರದಾಯವಿದೆ. ಅವುಗಳನ್ನು ವೈದ್ಯರ ಸಲಹೆಯಂತೆ, ಶಸ್ತ್ರಚಿಕಿತ್ಸಕರಿಗೆ ತಿಳಿಸಿ, ಸಹಾಯಕವಾಗಿ ಮಾತ್ರ ತೆಗೆದುಕೊಳ್ಳಬೇಕು. ಸ್ಥಾನ ತಪ್ಪಿದ ಮೂಳೆಯನ್ನು ಯಾವ ಔಷಧವೂ ಸ್ಥಾನಕ್ಕೆ ತರಲಾರದು. ಮೂಗು ಬಾಗಿದ್ದರೆ ಶಲಾಕೆಯಿಂದ ನೇರಗೊಳಿಸಿ, ಉಸಿರಾಟಕ್ಕೆ ಎರಡೂ ಹೊಳ್ಳೆಗಳಲ್ಲಿ ನಾಳವನ್ನಿಟ್ಟು, ಪಟ್ಟಿ ಕಟ್ಟಬೇಕೆಂದು ಸುಶ್ರುತರೇ ವಿಧಿಸಿದ್ದಾರೆ. ಅಂದರೆ ಮೊದಲು ಶಸ್ತ್ರಕರ್ಮ, ಅನಂತರ ಔಷಧ. ಈ ಶಸ್ತ್ರಕರ್ಮವನ್ನು ಊತ ಇಳಿದ ಮೇಲೆ, ಎರಡು ವಾರಗಳೊಳಗೆ ಮಾಡಿಸುವುದು ಸುಲಭ. ಮಕ್ಕಳಲ್ಲಿ ಇನ್ನೂ ಬೇಗ. ಮೂಗು ಮುರಿದಿರುವಾಗ ಮನೆಯಲ್ಲಿ ನಸ್ಯ ಹಾಕುವುದು, ಎಣ್ಣೆ ತಿಕ್ಕುವುದು, ನಾಟಿ ಪದ್ಧತಿಯಲ್ಲಿ ಮೂಗನ್ನು ಎಳೆಸುವುದು, ಕಣ್ಣಿನ ಸುತ್ತ ಲೇಪ ಹಚ್ಚುವುದು ಇವು ಸಲ್ಲದು.

ತಂದೆತಾಯಿಯರಿಗೂ ಶಿಕ್ಷಕರಿಗೂ

ಮುಖಕ್ಕೆ ಪೆಟ್ಟು ಬಿದ್ದ ಮಗುವು “ನಾನು ಆಡುತ್ತೇನೆ” ಎಂದೇ ಹೇಳುತ್ತದೆ. ಬೇಡವೆನ್ನುವ ಹೊಣೆಯು ಹಿರಿಯರದು. ಮೊದಲು ಅಪಾಯದ ಲಕ್ಷಣಗಳನ್ನು ನೋಡಿರಿ. ತಜ್ಞರಿಗೆ ತೋರಿಸಿರಿ. ಅವರು ಹೇಳಿದ ವಾರಗಳನ್ನು ಪೂರ್ತಿ ಕಾಯಿರಿ. ಬಳಿಕ ಆ ಮುಖಕ್ಕೆಂದೇ ಮಾಡಿದ ಕವಚವನ್ನು ತೊಡಿಸಿ ಆಟಕ್ಕೆ ಕಳುಹಿಸಿರಿ. ಈ ವರ್ಷದ ಪಂದ್ಯ ತಪ್ಪಿದರೆ ಮುಂದಿನ ವರ್ಷ ಮತ್ತೆ ಆಡಬಹುದು. ಕಳೆದುಹೋದ ದೃಷ್ಟಿಯು ಮಾತ್ರ ಮುಂದಿನ ವರ್ಷ ಮರಳಿ ಬಾರದು.